ಚಿಗವ್ವ ಹೇಳಿದ ದಾರಿ

ಇವತ್ತ ಮುಂಜಾನೆ ಗಾಡಿ ಒರಸಾಕ ಹೋಗಿದ್ದೆ. ಮುಂದಿನ ಖಾನ್ಯಾಗ ಕೈ ಹಾಕಿದ್ರ ಒಂದು ಲಿಂಬಿಹಣ್ಣು ಸಿಕ್ತು. ಒಣಗಿ ಕಲ್ಲಾಗಿತ್ತು, ಬಣ್ಣ ಹಳೇ ಬೆಲ್ಲದ್ದು. ಒಗೀಬೇಕಂತ ಕೈ ಎತ್ತಿದಾಕಿ ಯಾಕೋ ಉಗುರಿಲೆ ಒಂದೀಟು ಕೆರದು ಮೂಗಿಗೆ ಹಿಡದೆ. ವಾಸನಿ ಇನ್ನೂ ಇತ್ತು ನೋಡ್ರಿ! ಗಾಡಿ ಅಂಗಳದಾಗ ನಿಂತೈತಿ, ಎಂಜಿನ್ ಚಾಲೂ ಇಲ್ಲ, ಮುಂಡಗೋಡ ಕಡೆಯ ನಮ್ಮ ಇಂದೂರಿನ ಬಯಲಾಗ ಸುತ್ತ ಎಲ್ಲಿ ನೋಡಿದ್ರೂ ಗೋವಿನಜ್ವಾಳ. ಆದ್ರ ನನ್ನ ಹೊಟ್ಟಿ ಮಾತ್ರ ಆಗಲೇ ಕಾರವಾರದ ದಾರಿಯ ಅಣಶಿ ಘಟ್ಟದ ತಿರುವಿನ್ಯಾಗ ಹೊಂಟಿತ್ತು.

ಮಂದಿ ಗಾಡಿಗೆ ಲಿಂಬಿಹಣ್ಣು ಕಟ್ಟೂದು ದೃಷ್ಟಿ ತಾಗಬಾರದಂತ. ಹೊಸಾ ಗಾಡಿ ಇದ್ರ ಗಾಲಿ ಕೆಳಗಿಟ್ಟು ಹಿಚುಕತಾರ. ನಮ್ಮ ಮನ್ಯಾಗ ಲಿಂಬಿಹಣ್ಣಿನ ಜಾಗ ಮೂಗಿನ ಕೆಳಗ. ಸಣ್ಣಾಕಿ ಇದ್ದಾಗ ಬಸ್ಸು ಹತ್ತಿದ್ರ ನನಗ ವಾಂತಿ. ಹತ್ತಿದ್ರ ಅಂದ್ರ ಸುಳ್ಳಾದೀತು, ನನ್ನ ತವರೂರು ಹಳಿಯಾಳದ ಸ್ಟ್ಯಾಂಡಿನ್ಯಾಗ ಬಸ್ಸಿನ ಕೆಂಪು ಬಣ್ಣ ಕಂಡ್ರ ಸಾಕಿತ್ತು, ಬಾಯಾಗ ನೀರೂರತಿತ್ತು. ದಾಂಡೇಲಿ ಮಟಾ ಸೀದಾ ದಾರಿ, ಹೆಂಗರ ತಡಕೊಂಡಿರತಿದ್ದೆ. ದಾಂಡೇಲಿ ಸನೇಕ ಬಂದ್ರ ಪೇಪರ್ ಮಿಲ್ಲಿನ ವಾಸನಿ. ಅಲ್ಲಿ ಮಂದಿಗೆ ಆ ವಾಸನಿ ಬಂತಂದ್ರ ಊರು ಬಂತು, ಇನ್ನ ಸೀಟಿನ ಕೆಳಗ ಚಪ್ಪಲಿ ಹುಡುಕೋಬೇಕಂತ ಅರ್ಥ. ನನಗ ಅದು ಹೊಟ್ಟಿ ತೊಳಸಾಕ ಶುರುವಾತಂತ ಅರ್ಥ. ಅಲ್ಲಿಂದ ಮುಂದ ಅಡವಿ, ಘಟ್ಟ, ತಿರುವಿನ ಮ್ಯಾಲ ತಿರುವು.

ಊರಮಂದಿಯೆಲ್ಲ ನನ್ನ ಹೊಟ್ಟಿಗೆ ವೈದ್ಯರಾಗಿದ್ರು. ಪೇಪರಿನ ಮ್ಯಾಲ ಕುಂದರಸ್ರಿ, ವಾಂತಿ ಬರೂದಿಲ್ಲ ಅಂದ್ರು ಯಾರೋ. ಕುಂತೆ. ವಾಂತಿ ಬಂತು. ಪೇಪರಿನ್ಯಾಗಿದ್ದ ಮಂತ್ರಿ ಮಾರಿ ಸ್ವಲ್ಪದರಾಗ ಉಳೀತು. ಹುಣಸಿಹಣ್ಣು ಚೀಪಿಸಿದ್ರು, ಅಜವಾನ ಅಗಿಸಿದ್ರು, ಹೊಕ್ಕಳಕ್ಕ ಇಂಗು ಹಚ್ಚಿದ್ರು. ಕಾರವಾರ ಬಸ್ಸಿನ ಕಂಡಕ್ಟರ್‌ಗಂತೂ ನನ್ನ ಮಾರಿ ಬಾಯಿಪಾಠ ಆಗಿತ್ತು. "ಬರ್ರಿ ಬಾಯಾರ, ನಿಮ್ಮ ಕಿಡಕಿ ಖಾಲಿ ಇಟ್ಟೇನ್ರಿ. ಏ ಹಿಂದಿನ ಸೀಟಿನವ್ರ, ಗಾಜು ಹಾಕ್ಕೋರ್ರಿ! ಆಮ್ಯಾಲ ನನಗ ಅನಬ್ಯಾಡ್ರಿ!" ಅಂತ ಕೂಗತಿದ್ದ. ಬಸ್ಸಿನ ಮಂದಿಯೆಲ್ಲ ಹೊಳ್ಳಿ ನನ್ನ ನೋಡತಿದ್ರು. ಅಷ್ಟು ಮರ್ಯಾದಿ ನನಗ ನನ್ನ ಮದುವ್ಯಾಗೂ ಸಿಗಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಆ ಬಸ್ಸು ಹತ್ತೂದ್ಯಾಕ ಅಂತ ಕೇಳ್ತೀರಿ. ಚಿಗವ್ವನ ಸಲುವಾಗಿ. ಚಿಗವ್ವ ಅಂದ್ರ ನಮ್ಮ ಕಾಕಾನ ಹೇಣ್ತಿ. ಆಕಿಗೆ ಮಕ್ಕಳಾಗಲಿಲ್ಲ, ನಮ್ಮವ್ವಗ ಬ್ಯಾಡ ಬ್ಯಾಡ ಅಂದ್ರೂ ಆದ್ವಿ. ಹಿಂಗಾಗಿ ನಾ ಚಿಗವ್ವನ ಪಾಲಿಗೆ ಬಂದೆ. ನಾಗರಪಂಚಮಿ ಬಂತಂದ್ರ ನಮ್ಮ ಕಡೆ ಹೆಣ್ಣುಮಕ್ಕಳ ಕಾಲು ನೆಲದ ಮ್ಯಾಲ ನಿಲ್ಲೂದಿಲ್ಲ, ತವರಿಗೆ ಹೋಗಬೇಕು, ಉಂಡಿ ಒಯ್ಯಬೇಕು, ಉಂಡಿ ತರಬೇಕು. ಚಿಗವ್ವನ ಅಣ್ಣ ಕಾರವಾರದಾಗ ಕಿರಾಣಿ ಅಂಗಡಿ ಇಟ್ಟಿದ್ದ. ಅದಕ್ಕ ಪ್ರತಿ ಪಂಚಮಿಗೂ ಒಂದು ಕೈಯಾಗ ಶೇಂಗಾ ಉಂಡಿ ಡಬ್ಬಿ, ಇನ್ನೊಂದು ಕೈಯಾಗ ನಾನು, ಉಡಿಯೊಳಗ ಲಿಂಬಿಹಣ್ಣು, ಹಿಂಗ ಆಕಿ ಬಸ್ಸು ಹತ್ತತಿದ್ಲು. ದನಿ ಎಂಥಾದ್ದು ಅಂತೀರಿ, ಹಿತ್ತಲದಾಗ ನಿಂತು ಕರದ್ರ ಪ್ಯಾಟಿ ನಾಯಿ ಎದ್ದು ನಿಲ್ಲತಿದ್ವು. ಕಾಕಾ ಆಕಿ ಮುಂದ ಜೋರಾಗಿ ಕೆಮ್ಮಿದ್ದೂ ನಾ ಕೇಳಿಲ್ಲ.

ದಾಂಡೇಲಿ ದಾಟಿ ಅಡವಿ ಶುರುವಾತಂದ್ರ ಆಕಿ ನನ್ನ ತಲಿ ತೊಡಿ ಮ್ಯಾಲ ಹಾಕೊಂಡು, ಮೂಗಿಗೆ ಲಿಂಬಿಹಣ್ಣು ಹಿಡದು, ಮ್ಯಾಲ ಸೆರಗು ಮುಚ್ಚತಿದ್ಲು. "ಕಣ್ಣು ತಗೀಬ್ಯಾಡ. ತಗದ್ರ ಹೊಟ್ಟಿ ತಿರಗತೈತಿ. ಹೊರಗ ಏನೈತಿ ನಾ ಹೇಳ್ತೇನಿ, ನೀ ಸುಮ್ನ ಕೇಳ." ಅಷ್ಟು ಜೋರು ದನಿಯಾಕಿ ಆಗ ಮಾತ್ರ ಪಿಸುಗುಟ್ಟಿದಂಗ ಹೇಳತಿದ್ಲು. ಸಾಗವಾನಿ ಗಿಡಾ ಬಂದ್ವು. ಹೂ ಬಿಟ್ಟಾವು, ಬಿಳೇ ಹೂ. ಮಂಗ್ಯಾನ ಹಿಂಡು ಕುಂತೈತಿ, ತಾಯಿಮಂಗ್ಯಾ ಮರೀ ಹೇನು ನೋಡಾಕತ್ತೈತಿ, ನಿನ್ನಂಗ ಅದೂ ಒದರ್ಯಾಡತೈತಿ. ಈಗ ಇಳಕಲ. ಈಗ ಹೊಳಿ ದಾಟೂ ಪೂಲ ಬಂತು. ಕೆಳಗ ಎರಡು ಹೊಳಿ ಕೂಡ್ಯಾವು ನೋಡ, ಒಂದರ ನೀರು ಕೆಂಪು, ಒಂದರದು ಹಸರು, ಒಂದೀಟು ದೂರ ಬಾಜೂಕ ಬಾಜೂಕ ಹೋಗಿ ಆಮ್ಯಾಲ ಬೆರೀತಾವು. ಹೊಸಾ ಸೊಸಿ ಅತ್ತಿ ಇದ್ದಂಗ.

ಪೂಲ ದಾಟಿದ್ರ ಪ್ಯಾಟಿ. "ನಮ್ಮ ಪ್ಯಾಟಿ ಬಂತು" ಅಂತಿದ್ಲು. ಎಡಕ್ಕ ಖಾನಾವಳಿ. ಬಜಿ ಕರ್ಯಾಕತ್ತಾರ, ವಾಸನಿ ಬಂತಿಲ್ಲ? ನಿಮ್ಮಾಣೆ, ನನಗ ಬರತಿತ್ತು. ಅದರ ಮುಂದ ಬಳಿಗಾರನ ಅಂಗಡಿ, ಅದರ ಮುಂದ ಹುಣಸಿ ಗಿಡ, ಗಿಡದ ಕೆಳಗ ಕ್ಷೌರ ಮಾಡಾವ. ಬಲಕ್ಕ ದೊಡ್ಡ ಕಟ್ಟಿಯ ಅಂಗಡಿ. "ಕಟ್ಟಿ ಮ್ಯಾಲ ನಮ್ಮಪ್ಪ ಕುಂತಾನ. ಬಿಳೇ ಪಟಕಾ ಸುತ್ಯಾನ. ಬಸ್ಸಿಗೆ ಕೈ ಮಾಡಾಕತ್ತಾನ. ನೀನೂ ಕೈ ಮಾಡ." ನಾ ಸೆರಗಿನೊಳಗಿಂದ ಕೈ ಹೊರಗ ಹಾಕಿ ಬೀಸತಿದ್ದೆ. ನನ್ನ ಕೈ ಹಿಡದು ಆಕಿನ ಬೀಸಿಸೂದೂ ಇತ್ತು. ಆ ಅಜ್ಜ ಬಸ್ಸು ಬರೂ ಹೊತ್ತಿಗೆ ತಪ್ಪದಂಗ ಕಟ್ಟಿ ಮ್ಯಾಲ ಕುಂದರತಾನಲ್ಲ, ನಮ್ಮ ಮನೀಗೆ ಯಾಕ ಬರೂದಿಲ್ಲ ಅಂತ ನನಗ ಒಮ್ಮೆರ ಅನಸಬೇಕಾಗಿತ್ತು. ಅನಸಲಿಲ್ಲ. ವಾಂತಿ ಬರೂ ಕೂಸಿಗೆ ಅಷ್ಟು ವಿಚಾರ ಎಲ್ಲಿಂದ ಬರಬೇಕು?

ಹಿಂಗ ನನ್ನ ತಲ್ಯಾಗ ಒಂದು ದಾರಿ ತಯಾರಾತು. ಸಾಲ್ಯಾಗ ಚಿತ್ರ ತಗೀರಿ ಅಂದ್ರ ಎಲ್ಲಾರೂ ಎರಡು ಗುಡ್ಡ, ನಡುವ ಸೂರ್ಯ ತಗೀತಿದ್ರು. ನಾ ಪೂಲ ತಗದು, ಕೆಳಗ ಒಂದು ಕೆಂಪು ಒಂದು ಹಸರು ಹೊಳಿ ತಗದು, ಪ್ಯಾಟಿ ಹಚ್ಚಿ, ಕಟ್ಟಿ ಮ್ಯಾಲ ಪಟಕಾದ ಅಜ್ಜನ್ನ ಕುಂದರಸತಿದ್ದೆ. ಹೊಳಿ ಕೆಂಪು ಹೆಂಗಾತು ಅಂತ ಮಾಸ್ತರು ಕಿವಿ ಹಿಂಡಿದ್ರೂ ಬಣ್ಣ ಬದಲಿ ಮಾಡಲಿಲ್ಲ.

ದೊಡ್ಡಾಕಿ ಆದೆ. ವರ ನೋಡಾಕ ಬಂದಾಗ ಎಲ್ಲಾರೂ ಹೊಲ ಎಷ್ಟು, ಅತ್ತಿ ಹೆಂಗ ಅಂತ ಕೇಳ್ತಾರ. ನಾ ನಮ್ಮಪ್ಪನ್ನ ಕೇಳಿದ್ದು ಒಂದ, "ದಾರ್ಯಾಗ ಘಟ್ಟ ಐತೇನು?" ಇಲ್ಲ ಅಂದ. ಹಂಗಾರ ಆತು ಅಂದೆ. ಹಿಂಗ ಮುಂಡಗೋಡ ತಾಲೂಕಿನ ಇಂದೂರಿಗೆ ಬಂದು ಬಿದ್ದೆ. ನಮ್ಮ ಯಜಮಾನ್ರಿಗೆ ಇವತ್ತಿಗೂ ಈ ಗುಟ್ಟು ಗೊತ್ತಿಲ್ಲ, ತಮ್ಮ ಮೀಸಿ ನೋಡಿ ಒಪ್ಪಿದ್ಲು ಅಂತ ತಿಳಕೊಂಡಾರ. ಇರ್ಲಿ ಬಿಡ್ರಿ.

ಆಮ್ಯಾಲ ಬಂದಾಕಿ ಫಿಲೋಮಿನಾ. ಬಾಜೂ ಹಳ್ಳಿಯ ಸಿದ್ದಿ ಹೆಣ್ಣುಮಗಳು, ಗೋವಿನಜ್ವಾಳ ಹೇರೂ ಟೆಂಪೋ ಓಡಸತಾಳ. ನಮ್ಮ ಹೊಲದ ಮಾಲೂ ಆಕೀದ ಗಾಡ್ಯಾಗ ಹೋಗತೈತಿ. ಒಮ್ಮೆ ನನ್ನ ವಾಂತಿ ಕಥಿ ಕೇಳಿ ಹೊಟ್ಟಿ ಹಿಡಕೊಂಡು ನಕ್ಕಳು. "ಅಕ್ಕಾ, ಕುಂತು ಹೋಗೋರಿಗೆ ವಾಂತಿ ಬರತೈತ್ರಿ. ಓಡಸೋರಿಗೆ ಎಲ್ಲ್ಯರ ಬಂದದ್ದು ಕೇಳೀರೇನು? ಕಲೀರಿ, ನಾ ಕಲಸ್ತೇನಿ." ತಲ್ಯಾಗ ಬಿಳಿಕೂದಲಾ ಬಂದ ಮ್ಯಾಲ ಗಾಡಿ ಕಲತೆ. ಊರಾಗಿನ ಎಮ್ಮಿಗೋಳು ನನ್ನ ಹಾರ್ನು ಗುರುತು ಹಿಡದು ಬದಿಗೆ ಸರಿಯೂವಷ್ಟು ಕಲತೆ. ಒಂದಿನ ಧೈರ್ಯ ಮಾಡಿ ಫಿಲೋಮಿನಾನ್ನ ಬಾಜೂಕ ಕುಂದರಿಸಿಕೊಂಡು ಕಾರವಾರದ ದಾರಿ ಹಿಡದೆ. ಜೀವಮಾನದಾಗ ಮೊದಲನೇ ಸಲ ಆ ಘಟ್ಟಕ್ಕ ಕಣ್ಣು ತಗದು ಹೊಂಟಿದ್ದೆ.

ಏನ ಹೇಳ್ಲಿ ನಿಮಗ! ಕಾಳಿ ಹೊಳಿ ಬಾಜೂಕ ಬರೂದು, ಅಡವ್ಯಾಗ ಹೊಕ್ಕು ಮರಿಯಾಗೂದು, ಮರತ್ವಿ ಅನ್ನೂದ್ರಾಗ ಮತ್ತ ಬರೂದು. ಮತ್ತಿ ಗಿಡದ ತೊಗಟಿ ನೋಡಿದ್ರ ಮೊಸಳಿ ಬೆನ್ನ. ಬಿದಿರಮೆಳಿ ದಾರಿ ಮ್ಯಾಲ ಎರಡೂ ಕಡೆಯಿಂದ ಬಾಗಿ, ಕೆಳಗ ಹಸರ ಬೆಳಕು ಬಿದ್ದು, ಫಿಲೋಮಿನಾನ ಬಿಳೇ ದುಪಟ್ಟಾನೂ ಹಸರ ಕಾಣತಿತ್ತು. ಮಂಗಟ್ಟಿ ಹಕ್ಕಿ ಹಾರಿ ಹೋದ್ರ ರೆಕ್ಕಿ ಸಪ್ಪಳ ಗಾಡಿ ಒಳಗ ಕೇಳಸ್ತು. ಒಂದು ತಿರುವು ತಿರುಗಿದ್ರ ಬಂಡಿಗಲ್ಲಿನಿಂದ ನೀರು ಜಿಗೀತಿತ್ತು, ಇನ್ನೊಂದು ತಿರುಗಿದ್ರ ಗುಡ್ಡದ ಹಿಂದ ಗುಡ್ಡ, ಅದರ ಹಿಂದ ಮತ್ತೊಂದು, ಕಡೇದು ಗುಡ್ಡೋ ಮೋಡೋ ತಿಳೀದಂಗ. ಇಂಥಾ ದಾರಿ ಮನೀ ಬಾಗಿಲದಾಗ ಇಟ್ಟುಕೊಂಡು ಇಷ್ಟು ವರ್ಷ ಲಿಂಬಿಹಣ್ಣು ಮೂಸಿಕೋತ ಹೋಗಿ ಬಂದ್ನಲ್ಲ ಅಂತ ನನ್ನ ಮ್ಯಾಲ ನನಗ ಸಿಟ್ಟು ಬಂತು. "ಅಕ್ಕಾ, ಗಿಡಾ ಆಮ್ಯಾಲ ನೋಡೀರಂತ, ಮೊದಲ ದಾರಿ ನೋಡ್ರಿ!" ಅಂತ ಫಿಲೋಮಿನಾ ಒದರಿದ್ಲು.

ಗಣೇಶಗುಡಿ ದಾಟಿತು. ಪೂಲ ಇನ್ನೇನು ಬರತೈತಿ, ಪ್ಯಾಟಿ ಇನ್ನೇನು ಬರತೈತಿ ಅಂತ ನಾ ಕಾಯ್ದೆ. ಏರೇ ಏರು, ಅಡವಿಯೇ ಅಡವಿ. ಕಡೀಕ ಕೇಳಿದೆ, "ಫಿಲೋಮಿನಾ, ಇಲ್ಲೆ ಎರಡು ಹೊಳಿ ಕೂಡೂ ಕಡೆ ಒಂದು ಪ್ಯಾಟಿ ಐತೆಲ್ಲ, ಎಲ್ಲಿ?" ಆಕಿ ನನ್ನ ಮಾರಿ ನೋಡಿದ್ಲು. "ಸೂಪಾ ಪ್ಯಾಟಿ ಏನ್ರಿ ಅಕ್ಕಾ?" ಅಂದು ಗಿಡದ ಸಂದಿನ್ಯಾಗ ಬೆರಳು ಮಾಡಿದ್ಲು. ಅಲ್ಲಿ ಕಣ್ಣು ಹೋದಷ್ಟು ದೂರ ಡ್ಯಾಮಿನ ನೀರು. "ಅದರ ಕೆಳಗೈತ್ರಿ."

ಸೂಪಾ ಮುಳುಗಿದ್ದು ನನಗ ಗೊತ್ತಿರಲಿಲ್ಲಂತ ಅಲ್ಲ. ನಮ್ಮ ಭಾಗದಾಗ ಕೂಸಿಗೂ ಗೊತ್ತು. ಚಿಗವ್ವ ಹುಟ್ಟಿದ್ದು ಸೂಪಾದಾಗ ಅನ್ನೂದೂ ಗೊತ್ತಿತ್ತು. ಆದ್ರ ಆಕಿ ಊರಿನ ಹೆಸರು ತಗದು ಹೇಳತಿರಲಿಲ್ಲ, "ನಮ್ಮ ಪ್ಯಾಟಿ" ಅಂತಿದ್ಲು. ನಾ ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟ. ನಾವು ಹೋಗೂ ಬಸ್ಸು ಡ್ಯಾಮ ಆದ ಮ್ಯಾಲಿನ ಹೊಸ ದಾರ್ಯಾಗ, ಗುಡ್ಡದ ಮ್ಯಾಲ ಹೋಗತಿತ್ತು. ಆಕಿ ನನಗ ಹೇಳತಿದ್ದದ್ದು ಕೆಳಗ ನೀರಾಗಿದ್ದ ಹಳೇ ದಾರಿ. ಕಟ್ಟಿ ಮ್ಯಾಲಿನ ಅಜ್ಜ ನಾ ಹುಟ್ಟೂಕಿಂತ ಮೊದಲ ತೀರಿಕೊಂಡಿದ್ದ. ನಾ ಅಷ್ಟು ವರ್ಷ ಕೈ ಮಾಡಿದ್ದು ಯಾರಿಗೆ? ಗಾಡಿ ಬದಿಗೆ ಹಾಕಿ ಅತ್ತೆ. ಫಿಲೋಮಿನಾ ಪಾಪ, ನನಗ ವಾಂತಿ ಬಂತಂತ ತಿಳದು ಬೆನ್ನು ಸವರಿದ್ಲು. ಊರಿಗೆ ಬಂದ ಮ್ಯಾಲ ಚಿಗವ್ವನ ಮುಂದ ನಾ ಏನೂ ಅನ್ನಲಿಲ್ಲ. ಏನಂತ ಅನ್ಲಿ?

ಅದಾಗಿ ಕೆಲವು ವರ್ಷಕ್ಕ ಚಿಗವ್ವನ ಕಣ್ಣು ಹೋದ್ವು. ಕಣ್ಣಿನ ನರ ಒಣಗ್ಯಾವು, ಇನ್ನ ಬರೂದಿಲ್ಲ ಅಂದ್ರು ಡಾಕ್ಟರು. ಬೆಳಕು ಕತ್ತಲಿ ಅಷ್ಟ ತಿಳೀತೈತಿ. ಕಾಕಾ ಹೋದ ಮ್ಯಾಲ ನಾ ಆಕಿನ್ನ ಇಂದೂರಿಗೆ ಕರಕೊಂಡು ಬಂದೆ. ದನಿ ಮಾತ್ರ ಹಂಗ ಐತಿ, ನಮ್ಮ ಯಜಮಾನ್ರೂ ಈಗ ಜೋರಾಗಿ ಕೆಮ್ಮೂದಿಲ್ಲ. ಈ ಸಲ ಪಂಚಮಿ ಮುಂದ ಉಂಡಿ ಕಟ್ಟಕೋತ ಕುಂತಿದ್ದೆ. ಆಕಿ ಬಾಜೂಕ ಕುಂತು ಬೆಲ್ಲದ ಪಾಕ ಬೆರಳಿಲೆ ನೋಡಿ, "ಒಮ್ಮೆ ನನ್ನ ಆ ದಾರೀಲೆ ಕರಕೊಂಡ ಹೋಗ" ಅಂದ್ಲು. ಕಾರವಾರದ ಅಣ್ಣ ತೀರಿ ಹೋಗ್ಯಾನ, ಅಂಗಡಿ ಮುಚ್ಚೈತಿ. ಯಾರ ಮನೀಗೆ ಹೋಗೂದು ಚಿಗವ್ವ ಅಂದೆ. "ಯಾರ ಮನೀಗೂ ಬ್ಯಾಡ. ದಾರಿ ನೋಡೂದೈತಿ."

ಕಣ್ಣಿಲ್ಲದಾಕಿ ಏನ ನೋಡ್ತಾಳ ಅಂತ ಮನ್ಯಾಗ ಎಲ್ಲಾರೂ ಅಂದ್ರು. ನನಗ ಮಾತ್ರ ತಿಳೀತು. ಆಕಿ ನನಗ ಹೇಳಿದ ದಾರಿ ಈಗ ನಾ ಆಕಿಗೆ ಹೇಳಬೇಕು, ಇಷ್ಟು ದಿನದ ಋಣ ಮುಟ್ಟಸಬೇಕು ಅಂತ ಮನಸಿನ್ಯಾಗ ಲೆಕ್ಕ ಹಾಕಿದೆ. ಎರಡು ದಿನ ರೊಟ್ಟಿ ಬಡೀಕೋತ ಬಾಯಿಪಾಠ ಮಾಡಿದೆ. ಪೂಲ, ಕೆಂಪು ನೀರು, ಹಸರು ನೀರು, ಖಾನಾವಳಿ, ಬಳಿಗಾರ, ಹುಣಸಿ ಗಿಡ. ಒಂದೂ ತಪ್ಪಬಾರದು. ಎಲ್ಲ್ಯರ ತಪ್ಪಿ ಡ್ಯಾಮಿನ ನೀರು ಅನ್ನೂ ಮಾತು ಬಾಯಿಗೆ ಬಂತಂದ್ರ ಆಕಿ ಊರು ಎರಡನೇ ಸಲ ಮುಳುಗಿಸಿದಂಗ ಅಂತ ನನಗ ಹೆದರಿಕಿ.

ಮಳಿ ಬಿಡುವು ಕೊಟ್ಟ ದಿನ ಹೊಂಟ್ವಿ. ಗಾಡಿ ಏರಿದ ಕೂಡ್ಲೆ ಚಿಗವ್ವ ಉಡಿಯಿಂದ ಲಿಂಬಿಹಣ್ಣು ತಗದು ನನ್ನ ಕಡೆ ಚಾಚಿದ್ಲು. "ಹಿಡಿ. ನಿನಗ ಬೇಕಾಗತೈತಿ." ನಾ ಗಾಡಿ ಓಡಸಾಕಿ ಚಿಗವ್ವ, ನನಗ ಬರೂದಿಲ್ಲ ಅಂದ್ರೂ ಕೇಳಲಿಲ್ಲ. ಇಸಕೊಂಡು ಖಾನ್ಯಾಗ ಇಟ್ಟೆ. ದಾಂಡೇಲಿಯ ವಾಸನಿಗೆ ಆಕಿ ಮೂಗು ಅರಳಿಸಿ ನಕ್ಕಳು. ಊರ ಬಾಜೂಕಿನ ಕೋಗಿಲಬನದ ಕಡೆಯಿಂದ ಹೊಳಿ ಗಾಳಿ ಬಂದಾಗ ಗಾಜು ಇಳಸಂದ್ಲು. ಸಾಗವಾನಿ ಹೂ ಬಿಟ್ಟಾವು ಅಂದೆ. ಹೂಂ ಅಂದ್ಲು. ಮಂಗ್ಯಾ ಕುಂತಾವು ಅಂದೆ. ಅದಕ್ಕೂ ಹೂಂ.

ಗಣೇಶಗುಡಿ ದಾಟಿ ಒಂದೆರಡು ತಿರುವು ಆದ್ವು. ಬಲಕ್ಕ ಗಿಡದ ಸಂದಿನ್ಯಾಗ ನೀರು ಮಿಂಚಾಕ ಹತ್ತಿತು. ನಾ ಶುರು ಮಾಡಿದೆ. "ಪೂಲ ಬಂತು ನೋಡ ಚಿಗವ್ವ. ಕೆಳಗ ಎರಡು ಹೊಳಿ ಕೂಡ್ಯಾವು. ಒಂದು ಕೆಂಪು, ಒಂದು ಹಸರು." ನಾ ಮುಂದುವರಿಸಿದೆ. "ಪ್ಯಾಟಿ ಬಂತು. ಎಡಕ್ಕ ಖಾನಾವಳಿ. ಬಜಿ ವಾಸನಿ ಬಂತಿಲ್ಲ?"

"ಗಾಡಿ ನಿಲ್ಲಸ" ಅಂದ್ಲು.

ನಿಲ್ಲಿಸಿದೆ.

"ಖೋಡಿ, ಕಣ್ಣು ಹೋಗ್ಯಾವು, ಬುದ್ಧಿ ಹೋಗಿಲ್ಲ ನಂದು. ಆ ಪ್ಯಾಟಿ ನಾ ಕಟ್ಟಿ ನಿನಗ ಕೊಟ್ಟದ್ದು. ಅದನ್ನ ನನಗ ಮಾರಾಕ ಬಂದೀಯೇನು? ಈಗ ಇಲ್ಲೇನೈತಿ ಅದನ್ನ ಹೇಳ. ನಾ ಈ ದಾರಿ ನೋಡೇ ಇಲ್ಲ."

"ನೋಡಿಲ್ಲ? ಪ್ರತಿ ಪಂಚಮಿಗೂ ಬರತಿದ್ವಲ್ಲ ಚಿಗವ್ವ!"

"ಸೆರಗು ನಿನಗ ಒಬ್ಬಾಕಿಗೆ ಹಾಕತಿದ್ನೇನು? ನಾನೂ ಒಳಗ ಇರತಿದ್ದೆ. ಊರಿಗೆ ನೀರು ಬಿಟ್ಟ ವರ್ಷ ಆಣಿ ಮಾಡಿದ್ದೆ, ಈ ನೀರಿನ ಮಾರಿ ನೋಡೂದಿಲ್ಲಂತ. ಕಣ್ಣಿದ್ದಾಗ ಹಟ ಮಾಡಿದೆ. ಈಗ ಯಾರ ಮುಂದ ಹಟ ಮಾಡ್ಲಿ? ನಾಳೆ ಮ್ಯಾಲ ಹೋದಾಗ ಅಪ್ಪ ಕೇಳ್ತಾನ, ನಮ್ಮ ಅಂಗಡಿ ಮ್ಯಾಲ ಈಗ ಏನೈತವ್ವಾ ಅಂತ. ನೋಡಿಲ್ಲಪ್ಪ ಅನ್ಲ್ಯಾ?"

ತೊಡಿ ಮ್ಯಾಲ ತಲಿ ಇಟ್ಟುಕೊಂಡು ನಾ ವಾಂತಿಗೆ ಹೆದರಿ ಕಣ್ಣು ಮುಚ್ಚಿದ್ದೆ. ನನ್ನ ಮ್ಯಾಲ ಬಗ್ಗಿ ಅದೇ ಸೆರಗಿನೊಳಗ ಆಕೀನೂ ಮುಚ್ಚಿಕೊಂಡಿದ್ಲು. ಬಸ್ಸಿನ ಮಂದಿಯೆಲ್ಲ ಕಿಡಕೀಗೆ ಬಿದ್ದು ನೋಡೂ ದಾರ್ಯಾಗ ನಾವಿಬ್ರು ಕತ್ತಲ್ಯಾಗ ಕುಂತು ಬ್ಯಾರೇ ದಾರಿ ನೋಡಿದ್ವಿ. ಆಕಿನ್ನ ಕೈ ಹಿಡದು ಇಳಿಸಿದೆ. ನೀರು ಚಲೋ ಕಾಣೂ ಕಡೆ ಒಂದು ಕಲ್ಲಿನ ಮ್ಯಾಲ ಕುಂದರಿಸಿ ಹೇಳಾಕ ಹತ್ತಿದೆ. ಈ ಪಾಠ ನಾ ಮಾಡಿರಲಿಲ್ಲ, ತಡವರಿಸಿಕೋತ ಹೇಳಿದೆ.

ನೀರು ಭಾಳ ಐತಿ ಚಿಗವ್ವ. ಅಲ್ಲಾಡವಲ್ದು, ಸುಮ್ನ ಮಲಗೈತಿ. ಸುತ್ತ ಗುಡ್ಡ ಮೊಣಕಾಲ ಮಟಾ ನೀರಾಗ ನಿಂತಾವು. ನಡುವ ಒಂದೆರಡು ಗುಡ್ಡದ ನೆತ್ತಿ ಅಷ್ಟ ಮ್ಯಾಲ ಉಳದಾವು, ಅದರ ಮ್ಯಾಲೂ ಗಿಡಾ ಅದಾವು. ದಂಡೀಗೆ ಕೆಂಪು ಮಣ್ಣಿನ ಪಟ್ಟಿ ಐತಿ, ಸೀರಿ ಅಂಚಿದ್ದಂಗ. ಮೋಡ ನೀರಾಗ ಇಳದಾವು. ಈಗ ಒಂದು ಬೆಳ್ಳಕ್ಕಿ ಹೊಂಟೈತಿ, ಮ್ಯಾಲೊಂದು, ನೀರಾಗೊಂದು. ಈಗ ಗಾಳಿ ಬಂತು, ನೀರಿನ ಮಾರಿ ಸುಕ್ಕಾತು. ಈಗ ಹೋತು.

ಆಕಿ ಕಿವಿಗೊಟ್ಟು ಕೇಳಿದ್ಲು. ಕಡೀಕ, "ಮಂದಿ ನಿಂತು ನೋಡ್ತಾರೇನ?" ಅಂದ್ಲು. ನಮ್ಮ ಹಿಂದ ಒಂದು ಗಾಡಿ ನಿಂತಿತ್ತು, ಹೊಸಾ ಗಂಡ ಹೇಣ್ತಿ ಫೋಟೋ ತಗೊಳ್ಳಾಕತ್ತಿದ್ರು. ಹೌದು, ಫೋಟೋ ತಗೀತಾರ ಅಂದೆ.

"ಚಂದ ಐತೇನ?"

ಕೆಳಗ ಆಕಿ ಅಪ್ಪನ ಕಟ್ಟಿ ಐತಿ. ಆದ್ರ ಸುಳ್ಳು ಹೇಳಬ್ಯಾಡ ಅಂತ ಆಗಲೇ ಬೈಸಿಕೊಂಡಿದ್ದೆ. "ಭಾಳ ಚಂದ ಐತಿ ಚಿಗವ್ವ" ಅಂದೆ. ಹೇಳೂ ಹೊತ್ತಿಗೆ ನನಗ ಅಳು ಬಂತು.

ಆಕಿ ಅಳಲಿಲ್ಲ. ಸೆರಗಿಲೆ ಮಾರಿ ಒರಸಿಕೊಂಡು, "ಇರಬೇಕ" ಅಂದ್ಲು. "ನಮ್ಮ ಊರು ತಗೊಂಡೈತಿ. ಚಂದರ ಇರಬೇಕಲ್ಲ."

ಗಾಡಿ ಹತ್ತಿಸಿದೆ. ಚಾಲೂ ಮಾಡಿ ಊರ ಕಡೆ ತಿರುಗಿಸಿದ ಮ್ಯಾಲ ಚಿಗವ್ವ ಗಾಜಿನ ಹೊರಗ ಕೈ ಹಾಕಿ, ನೀರು ಯಾವ ಕಡೆ ಐತಿ ಅಂತ ನನ್ನ ಕೇಳಿ, ಆ ಕಡೆ ಬೀಸಿದ್ಲು. "ನೀನೂ ಕೈ ಮಾಡ" ಅಂದ್ಲು, ಬಸ್ಸಿನ್ಯಾಗ ಅಂದಂಗ. ಸ್ಟೇರಿಂಗಿನ ಮ್ಯಾಲಿನ ಒಂದು ಕೈ ತಗದು ನಾನೂ ಮಾಡಿದೆ. ಹಿಂದಿದ್ದ ಹೊಸಾ ಜೋಡಿ ನಾವು ಅವರಿಗೆ ಕೈ ಮಾಡಿದ್ವಿ ಅಂತ ತಿಳದು ಅವ್ರೂ ಕೈ ಮಾಡಿದ್ರು. ಒಳ್ಳೇದಾತು.

ಲಿಂಬಿಹಣ್ಣು ಖಾನ್ಯಾಗ ಮರತು ಉಳದದ್ದು ಆವತ್ತ. ಅದಾದ ಮ್ಯಾಲ ನನಗ ಒಂದ ಹೊಸಾ ರೂಢಿ ಬಿದ್ದೈತಿ. ಮುಂಡಗೋಡದ ಸಂತೀಗೆ ಹೋಗ್ಲಿ, ಹೊಲಕ್ಕ ಹೋಗ್ಲಿ, ಮೊದಲಿನಂಗ ಬರೇ ಹೋಗಿ ಬರೂದಿಲ್ಲ, ಹೇಳಾಕಂತ ನೋಡ್ತೇನಿ. ಸಂಜೀಕ ಹೇಳದಿದ್ರ ಚಿಗವ್ವ ಬಿಡೂದಿಲ್ಲ. ಒಣಗಿದ ಲಿಂಬಿಹಣ್ಣು ತಿರಗಿ ಖಾನ್ಯಾಗ ಇಟ್ಟು ಬಾಗಿಲ ಹಾಕಿದೆ. ಪಡಸಾಲಿಯಿಂದ ದನಿ ಬಂತು, "ಗಾಡಿ ಬಾಗಿಲ ಸಪ್ಪಳಾತಲ್ಲ. ಎಲ್ಲಿಗೆ ಹೋಗಿದ್ದಿ?"

"ಎಲ್ಲಿಗೂ ಇಲ್ಲ ಚಿಗವ್ವ, ಅಂಗಳದಾಗ ಇದ್ದೆ."

"ಅಂಗಳದಾಗ ಏನೈತಿ, ಹೇಳ."